ದೀಪದ ಹಗ್ಗ

ಬಾಗಲಕೋಟೆ
೧೪ ಜುಲೈ ೨೦೨೪, ರವಿವಾರ

ಅಬ್ಬಾ,

ನಿನಗ, ಅಮ್ಮಿಗ, ಅಫ್ಸರಣ್ಣಗ ಮುಬಶೀರಾಳ ಸಲಾಂ. ಈ ಸಲ ಅಕ್ಷರ ದೊಡ್ಡವು ಬರದೇನಿ. ಹೋದ ಪತ್ರ ಇರಿವಿ ಸಾಲಿನಂಗ ಐತಿ, ಓದಿ ಓದಿ ಕಣ್ಣೂ ಹೋಗ್ತಾವು ಅಂತ ಬೈದಿದ್ದಿ. ಕಿವಿ ಆಗಲೇ ಇಳಕಲ್ಲಿನ ಕಲ್ಲಿನ ಖಣಿಗೆ ಕೊಟ್ಟು ಬಂದೀ, ಕಣ್ಣರ ನನ್ನ ಪತ್ರಕ್ಕ ಉಳೀಲಿ.

ಹಾಸ್ಟೆಲಿನ್ಯಾಗ ನಮಗ ಫೋನ ಇಟ್ಟುಕೊಳ್ಳಾಕ ಬಿಡೂದಿಲ್ಲ. ರವಿವಾರ ವಾರ್ಡನ್ ಮೇಡಂ ಐದು ನಿಮಿಷ ತಮ್ಮ ಫೋನ ಕೊಡ್ತಾರ, ಎಲ್ಲಾರೂ ಮನಿಯವರ ಕೂಡ ಮಾತಾಡ್ತಾರ. ನಾ ಒಬ್ಬಾಕಿ ಕುಂತು ಬರೀತೇನಿ. ಬಾದಾಮಿಯ ವರದಾ ನನ್ನ ಬಾಜೂ ಮಲಗಾಕಿ, ಈಗಿನ ಕಾಲದಾಗ ಯಾರ ಪತ್ರ ಬರೀತಾರ ಅಂತ ನಗತಾಳ. ನಮ್ಮ ಅಬ್ಬಾಗ ಬರದ್ರ ಅಷ್ಟ ಕೇಳಸತೈತಿ ಅಂದೆ.

ಅಬ್ಬಾ, ಮೊನ್ನೆ ಒಂದು ನೋಡಿದೆ, ನಿನಗ ಹೇಳಬೇಕಂತ ಅವತ್ತಿಂದ ತಡಕೊಂಡೇನಿ. ವಿಜ್ಞಾನದ ಜಯಶ್ರೀ ಮಿಸ್ ನೀರಾಗ ಬೆಳಿಯೂ ಒಂದು ಗಿಡ ತಂದು ಗಾಜಿನ ಪಾತ್ರ್ಯಾಗ ಹಾಕಿ, ಮ್ಯಾಲೆ ಗಾಜಿನ ಕೊಳವಿ ಬೋರಲ ಹಾಕಿ ಬಿಸಲಾಗ ಇಟ್ಟಿದ್ರು. ಎಲಿಯಿಂದ ಸಣ್ಣ ಸಣ್ಣ ಗುಳ್ಳಿ ಎದ್ದು ಕೊಳವ್ಯಾಗ ತುಂಬಿದ್ವು. ಮಧ್ಯಾಹ್ನ ಮಿಸ್ ಊದಿನಕಡ್ಡಿ ಹಚ್ಚಿ, ಉರಿ ಆರಿಸಿ, ಬರೇ ಕೆಂಡ ಉಳಿದ ತುದಿ ಅದರಾಗ ಹಿಡದ್ರು. ಆರಿದ ಕಡ್ಡಿ ಮತ್ತ ಭಗ್ ಅಂತ ಹತ್ತಿಕೊಂಡ್ತು. ನಾ ಕಣ್ಣಾರೆ ನೋಡೇನಿ.

ಅದಕ್ಕ ದ್ಯುತಿಸಂಶ್ಲೇಷಣೆ ಅಂತಾರ, ಹೆಸರು ನೋಡಿ ಅಂಜಬ್ಯಾಡ. ಎಲಿ ಬಿಸಲ ಹಿಡೀತೈತಿ. ಬೇರಿಂದ ನೀರು, ಹವಾದಾಗಿಂದ ನಾವು ಉಸುರು ಬಿಟ್ಟ ಕೆಟ್ಟ ಹವಾ ತಗೊಂಡು, ಬಿಸಲಿನ ಬಲದಿಂದ ಸಕ್ಕರಿ ಮಾಡ್ತೈತಿ. ಆಮ್ಲಜನಕ ಉಳೀತೈತಿ, ಅದನ್ನ ಹೊರಗ ಬಿಡ್ತೈತಿ. ಆ ಸಕ್ಕರಿನ ಮುಂದ ಜ್ವಾಳದ ತೆನಿಯೊಳಗ ಹಿಟ್ಟಾಗಿ ಕೂಡ್ರತೈತಿ. ಅಂದ್ರ ನೀ ದಿನಾ ರೊಟ್ಟಿ ತಿಂತೀಯಲ್ಲ, ಅದು ಬಿಸಲ ತಿಂದಂಗ.

ಅವತ್ತ ಕ್ಲಾಸಿನ್ಯಾಗ ನಮ್ಮ ಹಗೇವಿನ ಸುದ್ದಿ ಹೇಳಿದೆ. ಯಾರಿಗೂ ಗೊತ್ತಿಲ್ಲ. ನೆಲದಾಗ ಬಾವಿ ಹಂಗ ತೋಡಿ ಜ್ವಾಳ ತುಂಬತಾರ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡ್ತಾರ, ತಗಿಯೂ ಮುಂದ ನಮ್ಮ ಅಬ್ಬಾನ್ನ ಕರೀತಾರ ಅಂದೆ. ಒಳಗ ಕೆಟ್ಟ ಹವಾ ಇರತೈತಿ, ಮೊದಲ ದೀಪ ಇಳಿಸಿ ನೋಡಬೇಕು, ದೀಪ ಆರಿದ್ರ ಮನಿಷಾ ಇಳೀಬಾರದು ಅಂದೆ. ಯುನೂಸ ದೊಡ್ಡಪ್ಪ ಅದರಾಗ ಸತ್ತಾ ಅನ್ನೂದು ಹೇಳಲಿಲ್ಲ.

ಆಮ್ಯಾಲೆ ಹೊಳೀತು. ಎಲಿ ಬಿಡೂ ಹವಾ ಆರಿದ ಕಡ್ಡಿನ್ನ ಹತ್ತಸತೈತಿ ಅಂದಮ್ಯಾಲೆ, ಹಗೇವಿನ್ಯಾಗ ಹಸಿರು ತಪ್ಪಲ ಇಳಿಬಿಟ್ರ ಒಳಗಿನ ಹವಾ ಸ್ವಚ್ಛ ಆಗಬೇಕಲ್ಲ? ದೊಡ್ಡಪ್ಪನ ಕಾಲಕ್ಕ ಇದನ್ನ ಯಾರರ ಹೇಳಿದ್ರ ಅಂವ ಇವತ್ತ ಇರತಿದ್ದ.

ಇನ್ನೊಂದು ಕೇಳೂದಿತ್ತು. ದೀಪ ಇಳಿಸೂ ಹಗ್ಗದ ತುದಿಗೆ ಎರಡು ಮೊಳ ಕೆಂಪು ಅರಿವಿ ಹೊಸೆದು ಜೋಡಿಸೀಯಲ್ಲ, ಅದು ಯಾಕ? ಸಣ್ಣಾಕಿದ್ದಾಗ ಕೇಳಿದ್ರ ನೀ ಎದ್ದು ಹೊರಗ ಹೋಗತಿದ್ದಿ.

ನಿನ್ನ ಮಗಳು
ಮುಬಶೀರಾ


ಕಮತಗಿ
೨೫ ಜುಲೈ ೨೦೨೪

ಮಗಳ ಮುಬಶೀರಾ,

ನಿನ್ನ ಪತ್ರ ಪ್ಯಾಟಿಗೆ ಬಂದು ಮುಟ್ಟಿತು. ನಾ ಕಾಳಿನ ಅಡತಿ ಅಂಗಡ್ಯಾಗ ಚೀಲದ ಬಾಯಿ ಹೊಲಕೋಂತ ಕುಂತಿದ್ದೆ, ಅಲ್ಲೇ ಒಡೆದು ಓದಿದೆ. ಮನಸಿನ್ಯಾಗ ಓದೀನಿ ಅಂತ ನಾ ತಿಳಿದಿದ್ದೆ, ಆದರ ಹಾಡಿದಂಗ ಓದೀನಂತ, ಸಂತಿ ಮಂದಿ ಎಲ್ಲಾ ಕೇಳ್ಯಾರ. ಈಗ ತೂಕದವ ದಿನಾ ಮುಂಜಾನೆ, ಸುಭಾನಸಾಬ, ಇವತ್ತ ಎಷ್ಟ ಚೀಲ ಬಿಸಲು ಬಂತು ಅಂತ ಕೈ ಮಾಡಿ ಕೇಳತಾನ. ನಗಲಿ. ಹತ್ತನೇತ್ತಾ ಓದೂ ಮಗಳು ಅವನ ಮನ್ಯಾಗ ಇಲ್ಲ.

ಅಮ್ಮಿ ಇಲ್ಲಿಲ್ಲ. ಇಳಕಲ್ಲಿಗೆ ನಿಮ್ಮ ಅಕ್ಕ ನರ್ಗೀಸನ ಬಾಣಂತನಕ್ಕ ಹೋಗ್ಯಾಳ. ಕೂಸು ತಾಯಿ ಇಬ್ಬರೂ ಚೊಲೋ ಅದಾರ. ನಾನೂ ಅಫ್ಸರನೂ ರೊಟ್ಟಿ ಬಡದು ಸುಟ್ಟುಕೊಂಡು ತಿನ್ನಾಕತ್ತೇವಿ.

ನೀ ಹಗೇವಿನ ಮಾತು ತಗದೀ, ಅದ ಹೊತ್ತಿಗೆ ಪಂಢರೀನಾಥ ರಾಯರು ಕರೆ ಕಳಿಸಿದ್ರು. ಅವರ ವಾಡೇದ ಅಂಗಳದಾಗ ಹಗೇವು ಐತಲ್ಲ, ಊರಾಗ ಈಗ ಅದೊಂದ ಉಳಿದದ್ದು. ರಾಯರದು ಹಟ. ಔಷಧ ಪುಡಿ ಇಲ್ಲ, ಇಲಿ ಇಲ್ಲ, ಹುಳ ಇಲ್ಲ, ಇದಕ್ಕಿಂತ ಚೊಲೋ ಜಾಗಾ ಯಾವುದು ಅಂತ ಮೂರು ವರ್ಷದ ಹಿಂದ ಜ್ವಾಳ ತುಂಬಿಸಿದ್ರು. ಈ ಮಳಿಗಾಲದಾಗ ಎಲ್ಲೋ ನೀರು ಇಳಿದೈತಿ. ರಾಯರ ಮನೀ ಭಾಗೀರಥೀಬಾಯೇರು ಮೊದಲ ಕಂಡು ಹಿಡದ್ರು, ಅವರ ಬೆಕ್ಕು ಒಲಿ ಬಿಟ್ಟು ದಿನಾ ಹಗೇವಿನ ಬಾಯಿ ಮ್ಯಾಲೆ ಹೋಗಿ ಮಲಗತೈತಂತ. ನಾ ಬರಿಗಾಲಲೆ ನಿಂತು ನೋಡಿದೆ. ಖರೇನ ಬೆಚ್ಚಗೈತಿ.

ಹಿಂಗಾದ್ರ ಲಗೂ ತಗೀಬೇಕು. ನಮ್ಮ ಹಳೇ ಪದ್ಧತಿ ಅಂದ್ರ ಬಾಯಿ ತೆರೆದು ಎರಡು ದಿನ ಬಿಡೂದು, ಕಂಬಳಿ ಕಟ್ಟಿ ಮ್ಯಾಲೆ ಕೆಳಗ ಜಗ್ಗಿ ಹವಾ ಆಡಸೂದು, ದೀಪ ಇಳಿಸೂದು. ಆದರ ರಾಯರಿಗೆ ಮೋಡದ ಅಂಜಿಕಿ. ಎರಡು ದಿನ ತೆರೆದಿಟ್ಟಾಗ ಮಳಿ ಹೊಡೀತಂದ್ರ ಉಳಿದ ಜ್ವಾಳನೂ ಕೊಳೀತೈತಿ ಅಂತಾರ. ಅದಕ್ಕ ನಿನ್ನ ತಪ್ಪಲದ ಯುಕ್ತಿ ಹೇಳಿದೆ. ರಾಯರು ಚಷ್ಮಾ ತಗದು, ನಿನ್ನ ಮಗಳು ಶಾಣ್ಯಾಕಿ ಅಂದ್ರು. ಅವರ ಬಾಯಿಂದ ಅಂಥಾ ಮಾತು ಬರೂದು ಎಷ್ಟು ಕಡಿಮಿ ಅಂತ ಊರಿಗೇ ಗೊತ್ತು.

ಎಷ್ಟು ತಪ್ಪಲ ಬೇಕು, ಎಷ್ಟೊತ್ತು ಇಡಬೇಕು, ಬಾಯಿ ಮುಚ್ಚೂದೋ ತೆರೆದಿಡೂದೋ, ಬಿಡಿಸಿ ಬರಿ.

ಹಗ್ಗದ ವಿಚಾರ ಏನೈತಿ. ಗಿಡ್ಡ ಆಗಿತ್ತು, ಜೋಡಿಸೇನಿ.

ನಿನ್ನ ಅಬ್ಬಾ
ಸುಭಾನಸಾಬ


ಬಾಗಲಕೋಟೆ
೪ ಆಗಸ್ಟ್ ೨೦೨೪

ಅಬ್ಬಾ,

ರಾಯರು ಅಂದ ಮಾತು ವರದಾಗ ಮೂರ ಸಲ ಓದಿ ತೋರಿಸಿದೆ. ನಾಲ್ಕನೇ ಸಲಕ್ಕ ಎದ್ದು ಹೋದ್ಲು.

ಬೇವಿನ ತಪ್ಪಲ ತಗೋ, ನಮ್ಮಲ್ಲಿ ಅದ ಭಾಳ. ಎಷ್ಟು ಎಲಿ ಹೆಚ್ಚೋ ಅಷ್ಟು ಆಮ್ಲಜನಕ ಹೆಚ್ಚು. ದೊಡ್ಡ ದೊಡ್ಡ ಟೊಂಗಿ ನಾಲ್ಕೈದು ಹೊರಿ ಇಳಿಬಿಡು. ಹಿಂದಿನ ದಿನ ಸಂಜಿಗೆ ಇಳಿಬಿಟ್ಟು ಬಾಯಿ ಬಿಗಿ ಮುಚ್ಚು, ಮಣ್ಣೂ ಮೆತ್ತು. ಇಲ್ಲಂದ್ರ ಎಲಿ ಬಿಟ್ಟ ಚೊಲೋ ಹವಾ ಎಲ್ಲಾ ಹೊರಗ ಹೋಗತೈತಿ. ಮುಂಜಾನೆ ತೆರೀರಿ, ಎರಡು ದಿನ ಕಾಯೂ ಕೆಲಸ ಇಲ್ಲ.

ಮಿಸ್‌ನ ಒಂದು ಮಾತು ಕೇಳೂಣು ಅಂದುಕೊಂಡಿದ್ದೆ. ಆದರ ಅವರು ಮುಂದಿನ ಪಾಠ ಶುರು ಮಾಡೂ ಗಡಬಿಡ್ಯಾಗ ಅದಾರ, ಮತ್ತ ಇದು ಪುಸ್ತಕದಾಗ ಐತಿ, ಕೇಳೂದೇನೈತಿ. ಕಿರು ಪರೀಕ್ಷೇದಾಗ ಇದ ಪಾಠಕ್ಕ ನನಗ ಇಪ್ಪತ್ತೈದಕ್ಕ ಇಪ್ಪತ್ನಾಲ್ಕು ಬಿದ್ದಾವು.

ಕೂಸಿಗೆ ಏನ ಹೆಸರಿಟ್ರು?

ಮುಬಶೀರಾ


ಕಮತಗಿ
೧೬ ಆಗಸ್ಟ್ ೨೦೨೪

ಮಗಳ,

ಕೂಸಿನ ಹೆಸರು ಅರ್ಷದ. ನಿಮ್ಮ ಅಮ್ಮಿ ಮೊಮ್ಮಗನ್ನ ಬಿಟ್ಟು ಬರೂ ಮಾತ ತಗಿಯೂದಿಲ್ಲ.

ದಿನಾ ಗೊತ್ತು ಮಾಡೇವಿ. ಇದ ಬರೂ ಇಪ್ಪತ್ನಾಲ್ಕು, ಶನಿವಾರ. ಅವತ್ತ ಬಾಯಿ ತಗದು, ಸಂಜಿಗೆ ನೀ ಹೇಳಿದಂಗ ತಪ್ಪಲ ಇಳಿಬಿಟ್ಟು ಮುಚ್ಚೂದು. ರವಿವಾರ ಮುಂಜಾನೆ ತೆರೆದು ನಾ ಇಳಿಯೂದು. ಅಫ್ಸರ ಹಗ್ಗ ಹಿಡೀತಾನ. ಮೊದಲ ಒಲ್ಲೆ ಅಂದಾ. ಎರಡು ವರ್ಷದವಿದ್ದಾಗ ಅವರಪ್ಪ ಯುನೂಸನ್ನ ಆ ಬಾಯಿಂದ ಮ್ಯಾಲೆ ತಗದದ್ದು, ಅವಗ ನೆನಪಿಲ್ಲ, ಆದರೂ ಆ ವಾಡೇದ ಮುಂದ ಗಾಡಿ ಸೈತ ನಿಲ್ಲಸೂದಿಲ್ಲ ಅಂವ. ಮುಬಶೀರಾ ಹೇಳ್ಯಾಳ, ತಪ್ಪಲ ಹಾಕಿದ್ರ ಏನೂ ಆಗೂದಿಲ್ಲಂತ ಅಂದೆ. ನಿನ್ನ ಹೆಸರ ಕೇಳಿ ಹೂಂ ಅಂದಾ.

ರಾಯರು ಇದ ಕಡೀ ಸಲ ಅಂದಾರ. ಜ್ವಾಳ ತಗದಮ್ಯಾಲೆ ಹಗೇವು ಮಣ್ಣು ತುಂಬಿ ಮ್ಯಾಲೆ ಫರಶಿ ಹಾಸಸ್ತಾರಂತ. ನನಗೂ ಐವತ್ತಾರು. ಕಡೀ ಸಲ ಮಗಳ ವಿದ್ಯಾದಿಂದ ಇಳೀತೇನಿ ಅಂದ್ರ ಚೊಲೋನ ಆತು.

ನಿಮ್ಮ ಅಜ್ಜಿ ನೆನಪಾದ್ಲು. ರಾತ್ರಿ ಹುಣಸಿಗಿಡದ ಕೆಳಗ ಮಲಗಾಕ ಬಿಡತಿದ್ದಿಲ್ಲ. ಕತ್ತಲಾದ್ರ ಗಿಡ ನಿಮ್ಮ ಉಸುರು ಕಸಗೋತೈತಿ ಅಂತಿದ್ಲು. ನಾವು ಹುಡುಗರು ಅಂಜಿ ಒಳಗ ಬಂದು ಸೆಕಿಯೊಳಗ ಬೇಯತಿದ್ವಿ. ನಿನ್ನ ಪತ್ರ ನೋಡಿದ್ರ ಮುದುಕಿ ಸುಮ್ಮನ ಅಂಜಸತಿದ್ಲು ಅಂತ ಕಾಣತೈತಿ.

ಊಟಾ ಸರಿಯಾಗಿ ಮಾಡು.

ಸುಭಾನಸಾಬ


ಬಾಗಲಕೋಟೆ
೨೪ ಆಗಸ್ಟ್ ೨೦೨೪, ಶನಿವಾರ, ಮಧ್ಯಾಹ್ನ ಎರಡು ಹೊಡದೈತಿ

ಅಬ್ಬಾ, ಇಳೀಬ್ಯಾಡ.

ಮೊದಲ ಇದೊಂದು ಓದು. ಹಗೇವಿನ್ಯಾಗ ಇಳೀಬ್ಯಾಡ. ತಪ್ಪಲ ಹಾಕಿದ್ರ ಹೊರಗ ತಗದು ಒಗಿ. ನಾ ಹೇಳಿದ್ದು ತಪ್ಪು. ಪೂರಾ ತಪ್ಪು.

ಗಡಬಿಡ್ಯಾಗ ಬರೀಯಾಕತ್ತೇನಿ, ಅಕ್ಷರ ಹೆಂಗಿದ್ರೂ ಓದು. ಇವತ್ತ ಮುಂಜಾನೆ ಮಿಸ್ ಉಸಿರಾಟದ ಪಾಠ ಮಾಡಿದ್ರು. ನಿನ್ನೆ ಎರಡು ಬಾಟ್ಲಿ ಇಟ್ಟಿದ್ರು. ಒಂದರಾಗ ಮೊಳಕಿ ಒಡದ ಮಡಕಿ ಕಾಳು. ಇನ್ನೊಂದರಾಗ ಹಸಿರು ಎಲಿ ತುಂಬಿ, ಬಿಗಿ ಮುಚ್ಚಿ, ಕರೇ ಅರಿವಿ ಸುತ್ತಿದ್ರು. ಇವತ್ತ ಮುಚ್ಚಳ ತಗದು ಉರಿಯೂ ಕಡ್ಡಿ ಇಳಿಸಿದ್ರು. ಕಾಳಿನ ಬಾಟ್ಲ್ಯಾಗ ಆರಿತು. ಎಲಿ ಬಾಟ್ಲ್ಯಾಗೂ ಆರಿತು. ಅದ ಊದಿನಕಡ್ಡಿ, ಅದ ಮಿಸ್. ಎಲ್ಲಾರೂ ಚಪ್ಪಾಳಿ ಬಡದ್ರು. ನನಗ ರಾಯರ ಹಗೇವು ಕಣ್ಣಮುಂದ ಬಂತು.

ಎಲಿ ಆಮ್ಲಜನಕ ಬಿಡೂದು ಬಿಸಲಿದ್ರ ಅಷ್ಟ ಅಬ್ಬಾ. ಬಿಸಲ ಇಲ್ಲಂದ್ರ ಆ ಕೆಲಸ ನಿಂದ್ರತೈತಿ. ಆದರ ಉಸಿರಾಟ ಹಗಲೂ ರಾತ್ರಿ ನಿಂದ್ರೂದಿಲ್ಲ. ಜೀವ ಇದ್ದದ್ದಕ್ಕೆಲ್ಲಾ ಒಳಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ಖೋಲಿ ಇರತಾವು, ಜೀವಕೋಶ ಅಂತಾರ. ಪ್ರತಿಯೊಂದು ಖೋಲ್ಯಾಗೂ ಸಕ್ಕರಿ ಒಡದು, ಆಮ್ಲಜನಕ ಕೂಡಿಸಿ, ಅದರಾಗ ಕುಂತ ಬಿಸಲಿನ ಬಲ ಹೊರಗ ತಗೀತಾವು. ಅದರ ಮ್ಯಾಲೆ ಬದುಕತಾವು. ಉಳಿದ ಕೆಟ್ಟ ಹವಾ ಹೊರಗ ಬಿಡತಾವು. ನಾನೂ ಹಂಗ, ನೀನೂ ಹಂಗ, ಎಲಿನೂ ಹಂಗ. ಅಜ್ಜಿ ಹೇಳಿದ್ದು ಸುಳ್ಳಲ್ಲ. ಹಗೇವಿನ್ಯಾಗ ಕತ್ತಲಿ ಐತಿ, ನೀ ಇಳಿಬಿಟ್ಟ ಎಲಿ ಅಲ್ಲಿ ಹವಾ ಕೊಡೂದಿಲ್ಲ, ಇದ್ದದ್ದನ್ನೂ ತಿಂತೈತಿ. ಅದಕ್ಕ ಮ್ಯಾಲೆ ನಾ ಬಾಯಿ ಮುಚ್ಚು ಅಂದೇನಿ.

ಇನ್ನೂ ಐತಿ. ಜ್ವಾಳಾನೂ ಜೀವ ಇರೂದು. ಒಣಗಿದ್ದಾಗ ಮೆಲ್ಲಕ ಉಸುರಾಡತೈತಿ, ಅದಕ್ಕ ವರ್ಷಗಟ್ಟಲೆ ಇರತೈತಿ. ಹಸಿ ತಾಗಿತಂದ್ರ ಜೋರ ಉಸುರಾಡತೈತಿ, ಆವಾಗ ಶಾಖ ಬಿಡತೈತಿ. ರಾಯರ ಬೆಕ್ಕು ಮಲಗೂದು ಅದಕ್ಕ. ಆ ಹಗೇವು ಬೆಚ್ಚಗೈತಿ ಅಂದ್ರ ಒಳಗ ಜ್ವಾಳ ಎಲ್ಲಾ ಹವಾ ತಿಂದು ಮುಗಿಸಿ ಕುಂತೈತಿ ಅಂತ ಅರ್ಥ.

ಕ್ಲಾಸ ಮುಗಿದ ಕೂಡಲೆ ಮಿಸ್‌ಗೆ ಹೇಳಬೇಕಿತ್ತು. ನಾಚಿಕಿ ಬಂತು, ಬಾಗಲದಾಗ ನಿಂತುಬಿಟ್ಟೆ. ಧೈರ್ಯಾ ಮಾಡಿ ಹೋಗೂದ್ರಾಗ ಅವರು ಬಾದಾಮಿ ಬಸ್ಸಿಗೆ ಹೋಗಿಬಿಟ್ಟಿದ್ರು. ವಾರ್ಡನ್ ಮೇಡಂ ಸೋಮವಾರದ ತನಕ ಇಲ್ಲ, ಆಫೀಸು ಕೀಲಿ ಹಾಕೈತಿ. ಅಡಗಿ ಮಾಡೂ ಶಿವಬಸವ್ವಕ್ಕನ ಕಾಲ ಹಿಡದೆ. ಆಕಿ ತನ್ನ ಫೋನಿನಿಂದ ಅಫ್ಸರಣ್ಣನ ನಂಬರಿಗೆ ನಾಲ್ಕ ಸಲ ಹಚ್ಚಿದ್ಲು, ಸ್ವಿಚ್ ಆಫ್ ಅಂತ ಬರತೈತಿ. ನನಗ ಬಾಯಿಪಾಠ ಇರೂದು ಅದೊಂದ ನಂಬರು. ನರ್ಗೀಸಕ್ಕನ ಮನೀದೂ ಗೊತ್ತಿಲ್ಲ, ರಾಯರದೂ ಗೊತ್ತಿಲ್ಲ. ನನ್ನನ್ನ ಹೊರಗ ಕಳಸೂದಿಲ್ಲ ಅಂತ ಗೇಟಿನವ ಕೀಲಿ ಹಾಕ್ಯಾನ, ಮನಿಯವರು ಬಂದು ಸಹಿ ಮಾಡಬೇಕಂತ.

ಶಿವಬಸವ್ವಕ್ಕ ಇದನ್ನ ಬಸ್‌ಸ್ಟ್ಯಾಂಡಿಗೆ ಒಯ್ದು ಕಮತಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡತಾಳ. ಸ್ಟ್ಯಾಂಡಿನ್ಯಾಗ ಚಹಾದಂಗಡಿ ಹನಮವ್ವಾಯಿಗೆ ಕೊಡಾಕ ಹೇಳಿ ಮ್ಯಾಲೆ ದೊಡ್ಡದಾಗಿ ಬರದೇನಿ. ಆಕಿ ನಿನಗ ಮುಟ್ಟಸತಾಳ. ಮುಟ್ಟಸಬೇಕು.

ನಿನ್ನ ಹಳೇ ಪದ್ಧತಿನ ಖರೆ ಇತ್ತು ಅಬ್ಬಾ. ಇಳೀಬ್ಯಾಡ.

ಮುಬಶೀರಾ


ಬಾಗಲಕೋಟೆ
೨೬ ಆಗಸ್ಟ್ ೨೦೨೪, ಸೋಮವಾರ

ಅಬ್ಬಾ,

ಇದನ್ನ ಯಾರಿಗೆ ಬರೀಯಾಕತ್ತೇನಿ ಅಂತ ಗೊತ್ತಾಗವಲ್ದು. ಬರೀಲಿಲ್ಲಂದ್ರ ತಲಿ ಒಡೀತೈತಿ.

ನಿನ್ನೆ ಇಡೀ ದಿನಾ ಏನೂ ಸುದ್ದಿ ಬರಲಿಲ್ಲ. ಶಿವಬಸವ್ವಕ್ಕ ರಜಾ, ಅವಳ ಫೋನೂ ಇಲ್ಲ. ಮುಂಜಾನೆ ಏಳಕ್ಕ ನೀ ಬಾಯಿ ತೆರೀತೀ ಅಂತ ಲೆಕ್ಕಾ ಹಾಕಿದೆ. ಎಂಟಕ್ಕ ನೀ ಸೊಂಟಕ್ಕ ಹಗ್ಗ ಕಟಗೋತೀ. ಎಂಟೂವರಿಗೆ ಗಡಿಯಾರ ನೋಡೂದು ಬಿಟ್ಟೆ.

ಊಟಕ್ಕ ಹೋಗಲಿಲ್ಲ. ಇಪ್ಪತ್ನಾಲ್ಕು ಮಾರ್ಕ್ಸ್ ಬಿದ್ದ ಪೇಪರ ಹರದು ಒಗದೆ. ವರದಾ ಕೂಡಿಸಿ ಅಂಟಸಾಕ ಹೋದ್ಲು, ಆಕಿ ಮ್ಯಾಲೂ ಸಿಟ್ಟ ಮಾಡಿದೆ. ಪಾಪ, ಆಕಿ ಏನ ಮಾಡ್ಯಾಳ.

ನನಗ ಅರ್ಧ ಪಾಠ ಗೊತ್ತಿತ್ತು, ಪೂರಾ ಗೊತ್ತಿದ್ದಾಕಿ ಹಂಗ ಬರದೆ. ಅಫ್ಸರಣ್ಣ ಒಲ್ಲೆ ಅಂದ್ರೂ ನನ್ನ ಹೆಸರ ಹೇಳಿದ್ದಕ್ಕ ಹೂಂ ಅಂದಾ ಅಂತ ಬರದೀಯಲ್ಲ, ಅದನ್ನ ಓದಾಕ ಆಗವಲ್ದು. ಅವರಪ್ಪನ್ನ ತಗದ ಬಾಯಿಂದ ನಿನ್ನನ್ನೂ ಅವನ ಕೈಯಿಂದ ತಗಸಿದ್ರ ನಾ ಮುಂದ ಹೆಂಗ ಅವನ ಮುಂದ ನಿಂದ್ರಲಿ.

ಇನ್ನ ಮ್ಯಾಲೆ ನಾ ಯಾರಿಗೂ ಏನೂ ಹೇಳೂದಿಲ್ಲ. ಕಲ್ತದ್ದು ನನ್ನ ಹೊಟ್ಯಾಗ ಇರಲಿ.

ಗೇಟಿನವ ಕರೀಯಾಕ ಬಂದಾನ. ಅಫ್ಸರಣ್ಣನ ಗಾಡಿ ಬಂದು ನಿಂತೈತಂತ. ಎಷ್ಟ ಮಂದಿ ಬಂದಾರ ಅಂದೆ, ನೋಡಿಲ್ಲ ಅಂದಾ.


ಕಮತಗಿ
೧ ಸೆಪ್ಟೆಂಬರ್ ೨೦೨೪, ರವಿವಾರ

ಮಗಳ ಮುಬಶೀರಾ,

ಅವತ್ತ ಗೇಟಿನ್ಯಾಗ ನೀ ನನ್ನ ಅಂಗಿ ಹಿಡಕೊಂಡು ಅತ್ತಿ, ನಾ ಊಟಾ ಮಾಡಿಲ್ಲೇನು ಅಂತ ಅಷ್ಟ ಕೇಳಿ ಬಂದೆ. ಮಾತು ಇರಲಿಲ್ಲಂತಲ್ಲ. ನನ್ನ ದನಿ ನಿನಗ ಗೊತ್ತೈತಲ್ಲ, ಅಲ್ಲಿ ಹೇಳಿದ್ರ ನಿಮ್ಮ ಇಡೀ ಸಾಲಿ ಕೇಳತಿತ್ತು. ಅದಕ್ಕ ಬರೀತೇನಿ. ಇದನ್ನ ನೀ ಒಬ್ಬಾಕಿ ಓದು.

ಮೊದಲ ಆದದ್ದು ಹೇಳತೇನಿ. ಶನಿವಾರ ಬಾಯಿ ತಗದು ದೀಪ ಇಳಿಸಿದೆ. ಬಾಯಿಂದ ಜ್ವಾಳದ ತನಕ ಹತ್ತು ಮೊಳ. ಏಳನೇ ಮೊಳಕ್ಕ ದೀಪ ಆರಿತು. ಸಂಜಿಗೆ ನೀ ಹೇಳಿದಂಗ ತಪ್ಪಲ ಇಳಿಬಿಟ್ಟು ಮುಚ್ಚಿದ್ವಿ. ರವಿವಾರ ಮುಂಜಾನೆ ತೆರೆದು ಮತ್ತ ಇಳಿಸಿದೆ. ನಾಲ್ಕನೇ ಮೊಳಕ್ಕ ಆರಿತು.

ಮಂದಿ ಕೂಡಿದ್ರು. ಗಾಳಿಗೆ ಆರಿರಬೇಕು ಅಂದ್ರು, ಎಣ್ಣಿ ಕಡಿಮಿ ಅಂದ್ರು. ಮಗಳ ಹೇಳ್ಯಾಳ ಅಂತ ಊರ ತುಂಬ ಸಾರಿದ್ದಿ, ಈಗ ಯಾಕ ಹಿಂದಕ್ಕ ಸರೀತೀ ಅಂತ ಒಬ್ಬ ನನ್ನ ಕಿವಿ ಹತ್ರ ಬಂದು ಒದರಿದ. ಅದು ಕೇಳಿಸಿತು. ನನಗೂ ಹಟ ಬಂದಿತ್ತು, ಸೊಂಟಕ್ಕ ಹಗ್ಗ ಕಟ್ಟಿ ಆಗಿತ್ತು, ಒಂದು ಕಾಲು ಬಾಯೊಳಗ ಇತ್ತು. ನಿನ್ನ ಮಾತು ಸುಳ್ಳಾಗಬಾರದು ಅಂತ ಅನಸತಿತ್ತು. ಆದರ ಮತ್ತೊಂದು ಸಲ ದೀಪ ಇಳಿಸಿದೆ. ಇನ್ನೊಂದು ಸಲ ಇಳಿಸಿದೆ. ಮೂರೂ ಸಲ ನಾಲ್ಕನೇ ಮೊಳಕ್ಕ ಆರಿತು. ಕಾಲು ಹೊರಗ ತಗದೆ. ನಿನ್ನ ಪತ್ರ ಹನಮವ್ವ ತಂದು ಕೊಟ್ಟದ್ದು ಅವತ್ತ ಮಧ್ಯಾಹ್ನ. ಫೋನಿಗೆ ಚಾರ್ಜ ಇರಲಿಲ್ಲಂತ ಅಫ್ಸರ ತಲಿ ತಲಿ ಬಡಕೊಂಡಾ, ಚಾರ್ಜ ಮಾಡಿ ನಿಮ್ಮ ಸಾಲಿಗೆ ಹಚ್ಚಿದ್ರ ಯಾರೂ ಎತ್ತಲಿಲ್ಲ. ಅದಕ್ಕ ಮರುದಿನ ಗಾಡಿ ತಗೊಂಡು ಬಂದ್ವಿ.

ಈಗ ಹಗ್ಗದ ಮಾತು.

ಇಪ್ಪತ್ತೆರಡು ವರ್ಷದ ಹಿಂದ ಅದ ಹಗೇವು. ಯುನೂಸ ಇಳಿಯಾಂವ, ದೀಪ ಹಿಡಿಯಾಂವ ನಾ. ಅವತ್ತ ದೀಪದ ಹಗ್ಗ ಎಂಟ ಮೊಳ ಇತ್ತು. ಜ್ವಾಳ ಹತ್ತು ಮೊಳದ ಕೆಳಗ ಇತ್ತು. ಎಂಟ ಮೊಳದ ತನಕ ದೀಪ ಚೊಲೋ ಉರಿತು. ಇನ್ನೆರಡು ಮೊಳ ಉಳಿದೈತಿ ಅಂತ ನನಗ ಗೊತ್ತಿತ್ತು ಮಗಳ. ಬ್ಯಾರೇ ಹಗ್ಗ ತರಾಕ ಮನಿಗೆ ಹೋಗಬೇಕಾಗಿತ್ತು, ಬಿಸಲು ಏರಿತ್ತು, ಬ್ಯಾಸರ ಬಂದಿತ್ತು. ದೀಪ ಉರಿತೈತಿ, ಇಳಿ ಅಂದೆ. ಅಣ್ಣ ನನ್ನ ಮಾತಿನ ಮ್ಯಾಲೆ ಇಳಿದ. ನಿಂತಾಗ ಚೊಲೋ ಇದ್ದ, ಮ್ಯಾಲೆ ನೋಡಿ ನಕ್ಕ. ಚೀಲ ತುಂಬಾಕ ಬಗ್ಗಿದ. ಮತ್ತ ಏಳಲಿಲ್ಲ.

ಪೊಲೀಸರು ಬಂದು ಕೇಳಿದ್ರು. ದೀಪ ಉರಿತಿತ್ತು ಅಂದೆ. ಅತ್ತಿಗಿ ಕೇಳಿದ್ಲು, ನಮ್ಮವ್ವ ಕೇಳಿದ್ಲು, ಎಲ್ಲಾರಿಗೂ ಅದನ್ನ ಅಂದೆ. ಸುಳ್ಳಲ್ಲ, ಉರಿತಿತ್ತು. ಹಗ್ಗದ ಮಾತು ಯಾರಿಗೂ ಹೇಳಲಿಲ್ಲ. ನಾಲ್ಕು ದಿನಕ್ಕ ಅವನ ತಲಿಗೆ ಸುತ್ತೂ ಕೆಂಪು ರುಮಾಲು ಹೊಸೆದು ಎರಡು ಮೊಳ ಜೋಡಿಸಿದೆ. ಅವತ್ತಿಂದ ದೀಪ ಜ್ವಾಳ ಮುಟ್ಟದ ನಾ ಯಾರನ್ನೂ ಇಳಿಸಿಲ್ಲ.

ಅವತ್ತ ಬಾಯ್ಯಾಗ ಕಾಲಿಟ್ಟಾಗ ನನಗ ಸಾಯೂ ಅಂಜಿಕಿ ಇರಲಿಲ್ಲ. ನಿನ್ನ ಪತ್ರ ನೆನಪಾತು. ನಾ ಒಳಗ ಉಳಿದ್ರ ನೀ ಹದಿನೈದು ವರ್ಷದಾಕಿ, ಮುಂದ ಎಷ್ಟ ವರ್ಷ ಆ ಎರಡು ಮೊಳ ಹೊತಗೊಂಡು ಅಡ್ಡಾಡಬೇಕಾಗತಿತ್ತು. ಅದು ಎಂಥಾ ಭಾರ ಅಂತ ಈ ಊರಾಗ ನನಗ ಒಬ್ಬಗ ಗೊತ್ತು. ಅದಕ್ಕ ಮೂರ ಸಲ ಇಳಿಸಿ ನೋಡಿದೆ.

ನಿನ್ನ ಕಂಡು ತಿರುಗಿ ಬರೂ ಮುಂದ ಗಾಡ್ಯಾಗ ಅಫ್ಸರಗ ಎಲ್ಲಾ ಹೇಳಿದೆ. ಅಂವ ಮುಂದ ರಸ್ತಾ ನೋಡಿಕೋಂತ ಗಾಡಿ ನಡಸಿದ. ಏನರ ಅಂದಿದ್ರ ನನಗ ಕೇಳಿಲ್ಲ. ತಿರುಗಿ ಅವನ ತುಟಿ ನೋಡೂ ಧೈರ್ಯ ನನಗ ಆಗಲಿಲ್ಲ. ಮನೀಗೆ ಬಂದು ಊಟಾ ಮಾಡಲಾರದ ಮಲಗಿದ.

ಹಗೇವಿನ ಬಾಯಿ ರವಿವಾರದಿಂದ ತೆರದ ಇತ್ತು. ತಪ್ಪಲ ತಗದು ಒಗದಿದ್ವಿ. ಮಳಿ ಬಂದ್ರ ಬರಲಿ ಅಂದ್ರು ರಾಯರು, ಮ್ಯಾಲೆ ತಾಡಪತ್ರಿ ಎತ್ತರಕ್ಕ ಕಟ್ಟಿಸಿದ್ರು. ಆಳು ಮಂದಿ ಪಾಳಿ ಮ್ಯಾಲೆ ಕಂಬಳಿ ಜಗ್ಗಿದ್ರು. ಭಾಗೀರಥೀಬಾಯೇರು ಎಲ್ಲಾರಿಗೂ ಚಹಾ ಮಾಡಿ ಮಾಡಿ ಕೊಟ್ರು. ಮಂಗಳವಾರ ಮುಂಜಾನೆ ನಾ ಒಬ್ಬನ ಹೋಗಿ ಕುಂತಿದ್ದೆ. ಅಫ್ಸರ ಬರೂದಿಲ್ಲ ಅಂತ ತಿಳಿದಿದ್ದೆ. ಬಂದಾ. ಕೈಯಾಗ ಹೊಸಾ ಹಗ್ಗ ಇತ್ತು, ಹನ್ನೆರಡು ಮೊಳ, ಒಂದೂ ಗಂಟಿಲ್ಲ. ನನ್ನ ಕೈಯಾಗಿನ ಹಳೇ ಹಗ್ಗ ಇಸಕೊಂಡು ಬಾಜೂ ಇಟ್ಟ. ದೀಪ ತಾನ ಹಚ್ಚಿದ, ತಾನ ಇಳಿಸಿದ. ಬೋರಲ ಮಲಗಿ ಕೆಳಗ ಭಾಳೊತ್ತು ನೋಡಿದ. ಆಮ್ಯಾಲೆ ಎದ್ದು ನನ್ನ ಗದ್ದಾ ಹಿಡದು ಮುಖಾ ತನ್ನ ಕಡೆ ತಿರುಗಿಸಿಕೊಂಡಾ, ನನಗ ತುಟಿ ಕಾಣಲಿ ಅಂತ.

“ಚಾಚಾ, ದೀಪ ಜ್ವಾಳ ಮುಟ್ಟೇತಿ. ಉರಿತೈತಿ. ನಾ ನೋಡೇನಿ,” ಅಂದಾ.

ನಾ ಇಳಿದೆ. ಹಗ್ಗ ಅಂವ ಹಿಡದಿದ್ದ.

ಅರ್ಧ ಜ್ವಾಳ ಚೊಲೋ ಇತ್ತು. ಗ್ವಾಡಿ ಕಡೆ ನೀರ ತಾಗಿದ್ದೆಲ್ಲಾ ಮುಗ್ಗಿತ್ತು, ಒಂದಿಷ್ಟು ಮೊಳಕಿ ಒಡದು ಒಣಗಿತ್ತು. ಬಿಸಲ ಕಾಣದ ಮೊಳಕಿ, ಹಾಲಿನಂಗ ಬೆಳ್ಳಗ. ಒಂದು ಹಿಡಿ ನಿನಗ ಅಂತ ಕಾಗದದಾಗ ಕಟ್ಟಿಟ್ಟೇನಿ, ನಿಮ್ಮ ಮಿಸ್‌ಗೆ ತೋರಸು. ಹಗೇವು ನಿನ್ನೆ ಮಣ್ಣು ತುಂಬಿ ಮುಚ್ಚಿದ್ರು.

ಹಳೇ ಹಗ್ಗದ ಕೆಂಪು ರುಮಾಲು ಅಫ್ಸರ ಗಂಟ ಬಿಚ್ಚಿ ತಗೊಂಡಾ. ತೊಳದು ತನ್ನ ಗಾಡಿ ಕನ್ನಡಿಗೆ ಕಟ್ಟ್ಯಾನ. ನನ್ನ ಕೂಡ ಇನ್ನೂ ಮೊದಲಿನಂಗ ಮಾತಾಡೂದಿಲ್ಲ. ಆದರ ನಿನ್ನೆಯಿಂದ ನನಗೂ ಸೇರಿಸಿ ರೊಟ್ಟಿ ಬಡ್ಯಾಕತ್ತಾನ.

ಗೇಟಿನ್ಯಾಗ ನೀ ಅಳಕೋಂತ, ಇನ್ನ ಮ್ಯಾಲೆ ಯಾರಿಗೂ ಏನೂ ಹೇಳೂದಿಲ್ಲ ಅಂದಿ. ನಾ ನಿನ್ನ ತುಟಿ ಓದಿದೆ. ನನ್ನಂಗ ಮಾಡಬ್ಯಾಡ ಮಗಳ. ನೀ ತಪ್ಪು ಗೊತ್ತಾದ ದಿನಾನ ಬರದು ಬಸ್ಸಿಗೆ ಕೊಟ್ಟೀ, ನನಗ ಇಪ್ಪತ್ತೆರಡು ವರ್ಷ ಹಿಡೀತು. ಕಲ್ತದ್ದೆಲ್ಲಾ ಬರಿ. ಅರ್ಧ ಕಲ್ತಿದ್ರೂ ಬರಿ. ನಾ ದೀಪ ಇಳಿಸಿ ನೋಡತೇನಿ.

ನಿನ್ನ ಅಬ್ಬಾ
ಸುಭಾನಸಾಬ